ತರಬೇತಿ ಮುಗಿದ ಮೇಲೆ

12 ಫೆಬ್ರವರಿ 2024, ಸೋಮವಾರ

ನಮ್ಮ ತರಬೇತಿ ಸಂಸ್ಥೆಗೆ ಮೋಟರ್ ರಿವೈಂಡಿಂಗ್‌ನ ಹೊಸ ಬ್ಯಾಚ್ ಇವತ್ತು ಬಂತು. ಬಾಣಾವರ, ಗಂಡಸಿ, ಜಾವಗಲ್ ಕಡೆಯ ಹುಡುಗರು. ಪಿಯುಸಿ ಫೇಲಾದವರು, ಬೆಂಗಳೂರಿಗೆ ಹೋಗಿ ವಾಪಸ್ ಬಂದವರು. ಊಟ, ವಸತಿ, ಕಲಿಕೆ ಎಲ್ಲ ಉಚಿತ ಅಂದರೆ ಮನೆಯವರಿಗೆ ನಂಬಿಕೆ ಬರುವುದಿಲ್ಲ. ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚುತ್ತಾ, “ಕೊನೇಲಿ ಎಷ್ಟು ಕೇಳ್ತೀರಿ, ಈಗಲೇ ಹೇಳಿ ಸಾ” ಅಂದರು.

ಸಂಜೆ ರಿಂಗ್ ಆಟ ಆಡಿಸಿದೆ. ಗೂಟಕ್ಕೆ ರಿಂಗ್ ಎಸೆಯಬೇಕು, ಎಷ್ಟು ದೂರ ನಿಲ್ಲಬೇಕೆನ್ನುವುದು ಅವರವರ ಲೆಕ್ಕ. 1960ರ ದಶಕದಲ್ಲಿ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಈ ಆಟವನ್ನು ಬಹಳ ನಂಬಿದ್ದರು. ತನ್ನ ಕೈಗೆ ಎಟುಕುವಷ್ಟು, ಆದರೂ ಸ್ವಲ್ಪ ಕಷ್ಟವಾಗುವಷ್ಟು ದೂರ ಆರಿಸಿಕೊಳ್ಳುವವನು ಉದ್ಯಮಕ್ಕೆ ತಕ್ಕವನು ಎನ್ನುವುದು ಅವರ ವಾದ. ಬಾಣಾವರದ ಹುಡುಗ ಗೂಟದ ಪಕ್ಕದಲ್ಲೇ ನಿಂತ. ಎರಡನೇ ಸುತ್ತಿಗೆ ತಾನಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದ.

4 ಮಾರ್ಚ್, ಸೋಮವಾರ

ಬರಗಾಲ. ಕೊಳವೆಬಾವಿಗಳಲ್ಲಿ ನೀರು ಕೆಳಗಿಳಿದಿದೆ, ತೆಂಗು ಉಳಿಸಿಕೊಳ್ಳಲು ರೈತರು ಎರಡೇ ಫೇಸ್ ಇದ್ದರೂ ಕಂಡೆನ್ಸರ್ ಹಾಕಿ ಪಂಪ್ ಓಡಿಸುತ್ತಾರೆ. ಮೋಟರ್ ಸುಡದೆ ಇನ್ನೇನು? ಹುಡುಗರಿಗೆ ಅಭ್ಯಾಸಕ್ಕೆ ಸುಟ್ಟ ಮೋಟರಿಗೆ ಬರವಿಲ್ಲ.

ಎಲ್ಲರಿಗೂ ಹಳೇ ತಾಮ್ರ ಕಿತ್ತುಹಾಕುವ ಆತುರ. ಕೀಳುವ ಮೊದಲು ಎಷ್ಟು ಸ್ಲಾಟ್, ಒಂದು ಕಾಯಿಲ್‌ಗೆ ಎಷ್ಟು ಸುತ್ತು, ತಂತಿ ಯಾವ ಗೇಜ್ ಎಂದು ಬರೆದುಕೊಳ್ಳದಿದ್ದರೆ ಆಮೇಲೆ ಕತ್ತಲಲ್ಲಿ ತಡಕಾಟ. ಬಾಣಾವರದವನು ಸುತ್ತುಗಳನ್ನು ಎರಡು ಸಲ ಎಣಿಸಿ ಬರೆದುಕೊಂಡ. ಸ್ಲಾಟಿಗೆ ಹೊಸ ಪೇಪರ್ ಮಡಚಿ ಕೂರಿಸಿ, ತಂತಿಯನ್ನು ಒಂದೊಂದೇ ಎಳೆ ಒಳಗೆ ಜಾರಿಸಿದ, ಎನಾಮಲ್‌ಗೆ ಗೀರು ಬೀಳದ ಹಾಗೆ. ವಾರ್ನಿಷ್ ಹಾಕಿ ಒಣಗಿದ ಮೇಲೆ ಮೆಗ್ಗರ್ ಹಿಡಿದು ನೋಡಿದೆವು. ಮೋಟರಿನ ಬಾಡಿಗೆ ಎಲ್ಲೂ ಶಾರ್ಟ್ ಇರಲಿಲ್ಲ. ಎಷ್ಟೋ ವರ್ಷದಿಂದ ಈ ಕೆಲಸ ನೋಡುತ್ತಿದ್ದೇನೆ, ಮೆಗ್ಗರಿನ ಮುಳ್ಳು ಮೇಲೇರಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

22 ಮಾರ್ಚ್, ಶುಕ್ರವಾರ

ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ದಾಯಿತು. ಆದರೆ ಬಾಣಾವರದ ಹುಡುಗ ಅಂಗಡಿಗೆಂದು ಊರಿನ ಹತ್ತಿರದ ಬ್ಯಾಂಕ್ ಶಾಖೆಗೆ ಕೊಟ್ಟ ಸಾಲದ ಅರ್ಜಿ ವಾಪಸ್. ಪಹಣಿ ತಾ, ಜಾಮೀನುದಾರರನ್ನು ಕರೆತಾ ಅಂದರಂತೆ. ಜಮೀನು ಇನ್ನೂ ತಾತನ ಹೆಸರಲ್ಲಿದೆ. 50,000 ರೂಪಾಯಿವರೆಗಿನ ಮುದ್ರಾ ಶಿಶು ಸಾಲಕ್ಕೆ ಅಡಮಾನ ಕೇಳುವ ಹಾಗೇ ಇಲ್ಲ! ನಾನೇ ಅವನ ಜೊತೆ ಹೋಗಿ ಮ್ಯಾನೇಜರ್ ಎದುರು ಕೂತೆ. ಯೋಜನಾ ವರದಿಯ ಒಂದೊಂದು ಸಾಲನ್ನೂ ಅವನ ಬಾಯಿಂದಲೇ ಹೇಳಿಸಿದೆ. ತಂತಿಯ ಕಿಲೋ ಬೆಲೆಯಿಂದ ಹಿಡಿದು ತಿಂಗಳ ಕಂತಿನವರೆಗೆ ತಡವರಿಸದೆ ಹೇಳಿದ. ಅರ್ಜಿ ತೆಗೆದುಕೊಂಡರು.

1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ ಗ್ರಾಮೀಣ ಯುವಕರ ಸ್ವಉದ್ಯೋಗ ತರಬೇತಿಗೆ ರುಡ್‌ಸೆಟ್ ಸಂಸ್ಥೆ ಕಟ್ಟಿದಾಗ ಬ್ಯಾಂಕನ್ನೂ ತರಬೇತಿಯನ್ನೂ ಒಂದೇ ಸೂರಿನಡಿ ತಂದದ್ದು ಇದೇ ಕಾರಣಕ್ಕಿರಬೇಕು. ಕೆಲವೇ ವಾರಗಳ ಕಲಿಕೆ, ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುವುದು. ದೇಶದಾದ್ಯಂತ ಜಿಲ್ಲೆಗೊಂದು ಸಂಸ್ಥೆ ಬಂದದ್ದು ಅದೇ ಮಾದರಿಯಲ್ಲಿ. ಮೀಟಿಂಗ್‌ಗಳಲ್ಲಿ ಮಾತ್ರ ಎಷ್ಟು ಜನಕ್ಕೆ ತರಬೇತಿ ಕೊಟ್ಟಿರಿ ಎನ್ನುವುದೇ ಮೊದಲ ಪ್ರಶ್ನೆ. ಆ ಎರಡು ವರ್ಷದಲ್ಲಿ ಎಷ್ಟು ಮನೆಗೆ ಹೋದಿರಿ ಅಂತ ಮೊದಲು ಕೇಳಬೇಕು.

24 ಏಪ್ರಿಲ್, ಬುಧವಾರ

ಬಾಣಾವರಕ್ಕೆ ಹೋಗಿದ್ದೆ. ಸಂತೆ ರಸ್ತೆಯಲ್ಲಿ ಆ ಹುಡುಗ ತನ್ನ ಮಾವನ ಸೈಕಲ್ ಶಾಪಿನ ಅರ್ಧ ಜಾಗದಲ್ಲಿ ಅಂಗಡಿ ತೆರೆದಿದ್ದಾನೆ. ಸಾಲ ಬಂದಿದೆ. ಬಾಗಿಲಲ್ಲಿ ಮೋಟರ್‌ಗಳ ಸಾಲು, ಪ್ರತಿಯೊಂದಕ್ಕೂ ರೈತನ ಹೆಸರು ಬರೆದ ಚೀಟಿ. ದುಡಿಮೆಯ ಬಗ್ಗೆ ಕೇಳಿದರೆ, “ತೆಂಗಿನಕಾಯಿ ಮಾರಿದ ಮೇಲೆ ಕೊಡ್ತೀನಿ ಅಂತಾರೆ ಸರ್” ಅಂದ. ಉದ್ರಿಗೆ ಒಂದು ಮಿತಿ ಹಾಕಿಕೊಳ್ಳಲು ಹೇಳಿ, ಅಲ್ಲೇ ಕೂತು ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿಕೊಟ್ಟೆ.

ಇದೇ ಬ್ಯಾಚಿನ ಇಬ್ಬರು ಬೆಂಗಳೂರಲ್ಲಿ ಪಾರ್ಸೆಲ್ ಹಂಚುತ್ತಿದ್ದಾರಂತೆ. ಒಬ್ಬನ ಫೋನ್ ಸ್ವಿಚ್ ಆಫ್. ನಾಳೆ ಜಾವಗಲ್‌ಗೆ ಹೋಗಿ ಅವನ ಅಣ್ಣನನ್ನು ಕಾಣಬೇಕು.