ಜೇಬಿನಲ್ಲಿ ಹಣವಿದ್ದೂ ಬಸ್ಸಿನಿಂದ ಇಳಿದ ಮೇಷ್ಟ್ರು

ಬಳ್ಳಾರಿಯಿಂದ ಕುರುಗೋಡಿಗೆ ಬರುವ ಬಸ್ಸಿನಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ವಯಸ್ಸಾದ ರೈತರೊಬ್ಬರು ಕುಳಿತಿದ್ದರು. ಮೆಣಸಿನಕಾಯಿ ಮಾರಿ ಬಂದವರ ಕೈಯಲ್ಲಿ ಐನೂರರ ನೋಟು. ಕಂಡಕ್ಟರ್ ಬಳಿ ಚಿಲ್ಲರೆ ಇಲ್ಲ. ಅಜ್ಜನ ಬಳಿ ಗುಂಡಿ ಒತ್ತುವ ಹಳೆಯ ಫೋನು. ಮಾತು ಬೆಳೆಯಿತು. ಆಗ ನಾನು ದೊಡ್ಡ ತಿಳಿವಳಿಕಸ್ಥನಂತೆ, "ಅಜ್ಜಾ, ಕಾಲ ಬದಲಾಗೈತಿ. ಫೋನಿನಾಗ ರೊಕ್ಕ ಕೊಡೋದು ಕಲೀಬೇಕ್ರಿ" ಎಂದೆ. ಅಜ್ಜ ನನ್ನ ಮುಖವನ್ನೊಮ್ಮೆ ನೋಡಿ, "ರೊಕ್ಕ ಕೈಯಾಗ ಐತಲ್ಲ ಮಾಸ್ತರ್ರ. ಇನ್ನೇನು ಕಲೀಲಿ?" ಎಂದರು. ಬಸ್ಸಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಎಷ್ಟೋ ದಿನಗಳ ನಂತರ, ಏಳು ಸಮುದ್ರದಾಚೆ, ಲಂಡನ್ನಿನ ಒಂದು ಬಸ್ ನಿಲ್ದಾಣದಲ್ಲಿ.

2024ರ ಬೇಸಿಗೆ ರಜೆಯಲ್ಲಿ ನಾನೂ ನನ್ನ ಶ್ರೀಮತಿಯೂ ಲಂಡನ್ನಿಗೆ ಹೋಗಿದ್ದೆವು. ಮಗನಿಗೆ ಅಲ್ಲಿ ಕೆಲಸ. ನಗರದ ಪೂರ್ವಕ್ಕಿರುವ ಈಸ್ಟ್ ಹ್ಯಾಮ್ ಎಂಬಲ್ಲಿ ಅವನ ಮನೆ. ಇಡ್ಲಿ, ದೋಸೆ, ಕರಿಬೇವು ಎಲ್ಲ ಸಿಗುವ ಬೀದಿಗಳವು. ಹೀಗಾಗಿ ಊಟದ ಚಿಂತೆ ಇರಲಿಲ್ಲ. ಚಿಂತೆಯಿದ್ದದ್ದು ಓಡಾಟದ್ದು. ಮಗನಿಗೆ ಪ್ರತಿದಿನ ರಜೆ ಸಿಗದು. ನಾವೇ ಊರು ಸುತ್ತಬೇಕು.

ಮೊದಲ ದಿನವೇ ಪಾಠ ಆರಂಭವಾಯಿತು. ಸುರಂಗ ರೈಲಿನ ನಿಲ್ದಾಣದಲ್ಲಿ ಎಲ್ಲರೂ ಹಳದಿ ಬಣ್ಣದ ದುಂಡು ಫಲಕಕ್ಕೆ ಫೋನನ್ನೋ ಕಾರ್ಡನ್ನೋ ತಾಗಿಸುತ್ತಾರೆ, ಗೇಟು ತೆರೆಯುತ್ತದೆ, ನಡೆದುಬಿಡುತ್ತಾರೆ. ಟಿಕೆಟ್ ಇಲ್ಲ, ಸರತಿ ಇಲ್ಲ. ನಾನೂ ಊರಿನಿಂದ ತಂದಿದ್ದ ನನ್ನ ಬ್ಯಾಂಕಿನ ಕಾರ್ಡನ್ನು ತಾಗಿಸಿದೆ. ಕೆಂಪು ದೀಪ ಹತ್ತಿತು, ಗೇಟು ಅಲುಗಲಿಲ್ಲ. ಹಿಂದೆ ಹತ್ತು ಜನ ನಿಂತರು. ತಪ್ಪು ನನ್ನದೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ನಮ್ಮ ದೇಶದಲ್ಲಿ ಹೊಸದಾಗಿ ಕೊಡುವ ಕಾರ್ಡುಗಳು ದೇಶದ ಒಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆ ಮತ್ತು ತಾಗಿಸಿ ಹಣ ಕೊಡುವ ಸೌಲಭ್ಯ ಎರಡನ್ನೂ ಗ್ರಾಹಕರೇ ಕೇಳಿ ತೆರೆಸಿಕೊಳ್ಳಬೇಕು. ಕಳ್ಳತನ ತಪ್ಪಿಸಲು ಮಾಡಿದ ಒಳ್ಳೆಯ ನಿಯಮ. ನಾನು ಊರು ಬಿಡುವ ಮುಂಚೆ ಅದನ್ನು ಮಾಡಿರಲಿಲ್ಲ.

ನಮ್ಮ ಯುಪಿಐ ಅಲ್ಲಿ ನೆರವಿಗೆ ಬರಲಿಲ್ಲ. ಯುಪಿಐನಲ್ಲಿ ನಮ್ಮ ಫೋನು ಅಂಗಡಿಯವರ ಚೌಕದ ಗುರುತನ್ನು ಓದಿ, ಇಂಟರ್ನೆಟ್ ಮೂಲಕ ಬ್ಯಾಂಕಿಗೆ ಹೇಳುತ್ತದೆ. ಲಂಡನ್ನಿನ ಗೇಟಿನಲ್ಲಿ ನಡೆಯುವುದು ಇದರ ತಿರುವು: ಅಲ್ಲಿ ಗೇಟೇ ನಮ್ಮ ಫೋನನ್ನು ಓದುತ್ತದೆ. ತಾಗಿಸುವ ಹೊತ್ತಿನಲ್ಲಿ ಫೋನಿಗೆ ಇಂಟರ್ನೆಟ್ ಕೂಡ ಬೇಕಿಲ್ಲ. ನೆಲದಡಿಯ ನಿಲ್ದಾಣಗಳಲ್ಲಿ ಅದು ಎಷ್ಟು ಅನುಕೂಲವೆಂಬುದನ್ನು ಹೇಳಬೇಕಿಲ್ಲ.

ಕೊನೆಗೆ ಮಗ ತನ್ನ ಹಳೆಯ ಫೋನಿಗೆ ಅಲ್ಲಿನ ಬ್ಯಾಂಕಿನ ಕಾರ್ಡನ್ನು ಕೂಡಿಸಿ ನನ್ನ ಕೈಗೆ ಕೊಟ್ಟ. ತಾಯಿಗೂ ಅಂಥದೇ ಒಂದು ಕೊಡಲು ಹೋದಾಗ ಆಕೆ ಒಪ್ಪಲಿಲ್ಲ. "ನನಗ ಕೈಯಾಗ ಹಿಡಿಯೋ ಕಾರ್ಡೇ ಇರ್ಲಪ್ಪ. ಆ ಫೋನು ಯಾವಾಗ ಏನ್ ಮಾಡ್ತೈತೋ" ಎಂದಳು. ಆಕೆಗೆ ಆಯ್ಸ್ಟರ್ ಎಂಬ ನೀಲಿ ಕಾರ್ಡು ಬಂತು. ಲಂಡನ್ನಿನಲ್ಲಿ 2003ರಿಂದ ಇರುವ, ಮುಂಚೆಯೇ ಹಣ ತುಂಬಿಸಿಕೊಳ್ಳುವ ಕಾರ್ಡು ಅದು. ನಾನು ಮಗನತ್ತ ನೋಡಿ ಮುಗುಳ್ನಕ್ಕೆ.

"ಅಪ್ಪಾ, ಎರಡು ಮಾತು ನೆನಪಿಟ್ಕೊಳ್ರಿ" ಎಂದ ಮಗ. "ಒಬ್ಬರಿಗೆ ಒಂದೇ ಕಾರ್ಡು. ನಿಮ್ಮ ಫೋನಿನಿಂದ ಅಮ್ಮನ ಟಿಕೆಟ್ ತೆಗೆಯೋಕೆ ಬರಲ್ಲ. ಮತ್ತೆ ರೈಲಿಗೆ ಹತ್ತುವಾಗ ಯಾವುದನ್ನ ತಾಗಿಸ್ತೀರೋ ಇಳಿದು ಹೊರಬರುವಾಗ್ಲೂ ಅದನ್ನೇ ತಾಗಿಸ್ಬೇಕು." ಒಂದೇ ಖಾತೆಯ ಕಾರ್ಡು, ಹತ್ತುವಾಗ ಫೋನು ತಾಗಿಸಿ ಇಳಿಯುವಾಗ ಪ್ಲಾಸ್ಟಿಕ್ ಕಾರ್ಡು ತಾಗಿಸಿದರೆ ಏನಾಗುತ್ತದೆ ಎಂದು ಕೇಳಿದೆ. ಇಬ್ಬರು ಬೇರೆ ಬೇರೆ ಪ್ರಯಾಣಿಕರು ಅರ್ಧ ಪ್ರಯಾಣ ಮಾಡಿದಂತೆ ಲೆಕ್ಕವಾಗಿ ಎರಡು ಬಾರಿ ಗರಿಷ್ಠ ದರ ಬೀಳುತ್ತದೆ ಎಂದ. ಕಾರಣ ಸ್ವಾರಸ್ಯಕರ. ಫೋನು ಕಾರ್ಡಿನ ನಿಜವಾದ ಸಂಖ್ಯೆಯನ್ನು ಯಾರಿಗೂ ಹೇಳುವುದಿಲ್ಲ. ಬ್ಯಾಂಕು ಆ ಫೋನಿಗೆಂದೇ ಕೊಟ್ಟ ಬದಲಿ ಸಂಖ್ಯೆಯನ್ನೂ ಒಮ್ಮೆ ಮಾತ್ರ ನಡೆಯುವ ಗುಪ್ತ ಸಂಕೇತವನ್ನೂ ಕೊಡುತ್ತದೆ. ಹಾಗಾಗಿ ಗೇಟಿನ ಕಣ್ಣಿಗೆ ಫೋನೂ ಕಾರ್ಡೂ ಇಬ್ಬರು ಅಪರಿಚಿತರು!

ಥೇಮ್ಸ್ ದಂಡೆಯ ಬಸವಣ್ಣ

ಒಂದು ದಿನ ಬೆಳಿಗ್ಗೆ ನಾವಿಬ್ಬರೇ ಹೊರಟೆವು. ಈಸ್ಟ್ ಹ್ಯಾಮಿನಲ್ಲಿ ರೈಲು ಹತ್ತಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಳಿದೆವು. ಸೇತುವೆ ದಾಟಿ ಬಲಕ್ಕೆ ನದಿಯ ದಂಡೆಗುಂಟ ನಡೆದರೆ, ಪಾರ್ಲಿಮೆಂಟ್ ಭವನದ ಎದುರು ದಂಡೆಯಲ್ಲಿ ನಮ್ಮ ಬಸವೇಶ್ವರರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದ್ದು. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಶ್ರಮ ಅದರ ಹಿಂದಿದೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಬೃಹತ್ ನಂದಿಯನ್ನು ನೋಡುತ್ತ ಬೆಳೆದ ನಮಗೆ, ಅಷ್ಟು ದೂರದಲ್ಲಿ ಆ ಹೆಸರನ್ನು ಓದಿದಾಗ ಗಂಟಲು ಕಟ್ಟಿತು. ಶ್ರೀಮತಿ ಚಪ್ಪಲಿ ಬಿಟ್ಟು ಕೈಮುಗಿದಳು. ನಾನು ಲೆಕ್ಕವಿಲ್ಲದಷ್ಟು ಚಿತ್ರ ತೆಗೆದೆ. ಫೋನಿನ ಬ್ಯಾಟರಿಯ ಕಡೆ ಗಮನವಿರಲಿಲ್ಲ.

ಅಲ್ಲಿಂದ ಒಂದೇ ನಿಲ್ದಾಣದ ದಾರಿ ಗ್ರೀನ್ ಪಾರ್ಕ್. ವಿಜ್ಞಾನದ ಮೇಷ್ಟರಿಗೆ ಅದು ಯಾತ್ರಾಸ್ಥಳ. ಹತ್ತಿರದ ಆಲ್ಬೆಮಾರ್ಲ್ ಬೀದಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಇದೆ. ಅದರ ನೆಲಮಾಳಿಗೆಯಲ್ಲಿ ಮೈಕೆಲ್ ಫ್ಯಾರಡೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. 1831ರ ಆಗಸ್ಟ್ 29ರಂದು ಅವನು ಪ್ರಯೋಗ ಮಾಡಿದ, ಎರಡು ತಂತಿ ಸುರುಳಿ ಸುತ್ತಿದ ಕಬ್ಬಿಣದ ಬಳೆಯನ್ನು ಅಲ್ಲಿ ಕಾಪಾಡಿದ್ದಾರೆ. ಒಂದು ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿದಾಗ, ನಿಲ್ಲಿಸಿದಾಗ, ಅದಕ್ಕೆ ತಾಗಿರದ ಇನ್ನೊಂದು ಸುರುಳಿಯಲ್ಲಿ ಕ್ಷಣಮಾತ್ರ ವಿದ್ಯುತ್ ಮೂಡುತ್ತಿತ್ತು. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುವ ವಿದ್ಯುತ್ಕಾಂತೀಯ ಪ್ರೇರಣೆ ಇದೇ.

ಅಲ್ಲಿ ನಿಂತಾಗ ಒಂದು ವಿಷಯ ಹೊಳೆಯಿತು. ಬೆಳಿಗ್ಗೆ ಗೇಟಿಗೆ ತಾಗಿಸಿದ ನನ್ನ ಶ್ರೀಮತಿಯ ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಹಾಗಾದರೆ ಅದು ಮಾತಾಡುವುದು ಹೇಗೆ? ಹಳದಿ ಫಲಕದ ಒಳಗೆ ಒಂದು ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಆವರ್ತಗಳಂತೆ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತಿರುತ್ತದೆ. ಕಾರ್ಡಿನ ಒಳಗೂ ಕೂದಲಿನಂಥ ತಂತಿಯ ಸುರುಳಿಯಿದೆ. ಫಲಕದ ಹತ್ತಿರ, ಕೆಲವೇ ಸೆಂಟಿಮೀಟರ್ ಅಂತರಕ್ಕೆ ತಂದೊಡನೆ ಬದಲಾಗುವ ಕಾಂತಕ್ಷೇತ್ರದಿಂದ ಅದರಲ್ಲಿ ವಿದ್ಯುತ್ ಹುಟ್ಟಿ, ಮಲಗಿದ್ದ ಚಿಪ್ಪು ಎಚ್ಚರಗೊಂಡು ತನ್ನ ಗುರುತು ಹೇಳುತ್ತದೆ. ಫ್ಯಾರಡೆಯ ಬಳೆಯೇ ಇಂದು ಎರಡು ಹೋಳಾಗಿ, ಒಂದು ಗೇಟಿನಲ್ಲೂ ಇನ್ನೊಂದು ನಮ್ಮ ಜೇಬಿನಲ್ಲೂ ಕುಳಿತಿದೆ ಎನ್ನಬಹುದು.

ಕೆಂಪು ಬಸ್ಸಿನ ಬಾಗಿಲಲ್ಲಿ

ಹೊರಗೆ ಬಂದಾಗ ಶ್ರೀಮತಿಗೆ ಒಂದು ಆಸೆ. ಕೆಂಪು ಮಹಡಿ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಒಂದಿಷ್ಟು ದೂರ ಹೋಗಬೇಕು. ಬಸ್ಸು ಬಂತು. ಆಕೆ ಕಾರ್ಡು ತಾಗಿಸಿ ಒಳಗೆ ಹೋದಳು. ನಾನು ಫೋನು ತೆಗೆದೆ. ಪರದೆ ಕಪ್ಪು. ಗುಂಡಿ ಒತ್ತಿದೆ, ಏಳಲಿಲ್ಲ. ಚಿತ್ರ ತೆಗೆದೂ ತೆಗೆದೂ, ದಾರಿಯ ನಕ್ಷೆ ನೋಡಿಯೂ ಬ್ಯಾಟರಿ ಪೂರ್ತಿ ಮುಗಿದಿತ್ತು.

ಜೇಬಿನಿಂದ ಹತ್ತು ಪೌಂಡಿನ ನೋಟು ತೆಗೆದು ಡ್ರೈವರ್ ಮುಂದೆ ಹಿಡಿದೆ. ಆತ ಸೌಮ್ಯವಾಗಿಯೇ ತಲೆ ಅಲ್ಲಾಡಿಸಿದ. ಲಂಡನ್ನಿನ ಬಸ್ಸುಗಳು 2014ರ ಜುಲೈ 6ರಿಂದ ನಗದನ್ನು ಮುಟ್ಟುವುದಿಲ್ಲ. ಟಿಕೆಟ್ ದರ ಕೇವಲ 1.75 ಪೌಂಡ್, ನನ್ನ ಕೈಯಲ್ಲಿ ಅದರ ಐದು ಪಟ್ಟಿಗಿಂತ ಹೆಚ್ಚು ಹಣ. ಆದರೂ ನಾನು ಪ್ರಯಾಣಿಕನಲ್ಲ. ನನ್ನ ಹಿಂದೆ ಜನ ನಿಂತಿದ್ದರು. ಇಳಿದುಬಿಟ್ಟೆ. ಹತ್ತಿದ್ದ ಶ್ರೀಮತಿಯೂ ಓಡಿ ಬಂದು ಇಳಿದಳು. ಬಸ್ಸು ಹೋಯಿತು.

ಆಗ ನೆನಪಾದರು, ಮೆಣಸಿನಕಾಯಿ ಮಾರಿ ಬಂದ ಅಜ್ಜ. "ರೊಕ್ಕ ಕೈಯಾಗ ಐತಲ್ಲ ಮಾಸ್ತರ್ರ." ಅಂದು ಅವರ ಮುಖದಲ್ಲಿದ್ದದ್ದು ಅಜ್ಞಾನವಲ್ಲ, ಅವಮಾನ ಎಂಬುದು ನನಗೆ ಆ ಫುಟ್‌ಪಾತಿನ ಮೇಲೆ ತಿಳಿಯಿತು. ಮೂವತ್ತು ವರ್ಷದ ಹತ್ತಿರ ಪಾಠ ಹೇಳಿದವನಿಗೆ ಈ ಪಾಠ ಬಾಕಿ ಇತ್ತು.

"ಏನ್ರೀ, ಹಿಂಗ ನಿಂತ್ರ ಹೆಂಗ? ನಡೀರಿ, ನಂದರಂಥ ಕಾರ್ಡೇ ತಗೊಳ್ಳೋಣು" ಎಂದಳು ಶ್ರೀಮತಿ. ಬೀದಿಯ ಒಂದು ಸಣ್ಣ ಅಂಗಡಿಯಲ್ಲಿ ಹಿಂದಿ ಬಲ್ಲ ಅಂಗಡಿಯವರು ನಗದು ಪಡೆದು ಕಾರ್ಡು ಕೊಟ್ಟರು. ಕಾರ್ಡಿಗೆ ಏಳು ಪೌಂಡ್, ಮೇಲೆ ಹತ್ತು ಪೌಂಡ್ ತುಂಬಿಸಿದೆ. ಮುಂದಿನ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತೆವು. ಅಲ್ಲಿ ಒಮ್ಮೆ ಬಸ್ಸಿಗೆ ತಾಗಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಮತ್ತೆ ದುಡ್ಡಿಲ್ಲ. ಆದ್ದರಿಂದ ನನಗಾಗಿ ಇಳಿದು ಮತ್ತೆ ಹತ್ತಿದ ಆಕೆಗೆ ನಷ್ಟವೇನೂ ಆಗಲಿಲ್ಲ. ನಷ್ಟವಾದದ್ದು ನನ್ನ ಜಂಬಕ್ಕೆ. ಊರಿನಲ್ಲಿ ಆಕೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಓಡಾಡುತ್ತಾಳೆ, ಟಿಕೆಟ್ ತೆಗೆಯುವವನು ನಾನೊಬ್ಬನೇ. ಇಲ್ಲಿ ಟಿಕೆಟ್ ಸಿಗದವನೂ ನಾನೊಬ್ಬನೇ ಆದೆ!

ತಂದೆತಾಯಂದಿರಿಗೆ ನಾಲ್ಕು ಮಾತು

ಮಕ್ಕಳನ್ನು ಓದಲು ವಿದೇಶಕ್ಕೆ ಕಳಿಸುವವರೂ ಅವರನ್ನು ನೋಡಲು ಹೋಗುವವರೂ ನಮ್ಮ ತಾಲ್ಲೂಕಿನಲ್ಲೇ ಈಗ ಇದ್ದಾರೆ. ಅವರಿಗೆ ನನ್ನ ಅನುಭವದ ಮಾತು: ಹೊರಡುವ ಮುಂಚೆ ಬ್ಯಾಂಕಿಗೆ ಹೋಗಿ ಕಾರ್ಡಿನ ವಿದೇಶ ಬಳಕೆಯನ್ನೂ ತಾಗಿಸುವ ಸೌಲಭ್ಯವನ್ನೂ ತೆರೆಸಿರಿ, ವಿದೇಶಿ ಪಾವತಿಗೆ ಎಷ್ಟು ಹೆಚ್ಚುವರಿ ಹಣ ಹಿಡಿಯುತ್ತಾರೆಂದು ಕೇಳಿ ತಿಳಿಯಿರಿ, ಊರಿಗೆ ಮರಳಿದೊಡನೆ ಅದನ್ನು ಮುಚ್ಚಿಸಿರಿ. ಮನೆಯ ಒಬ್ಬೊಬ್ಬರಿಗೂ ಪ್ರತ್ಯೇಕ ಕಾರ್ಡಿರಲಿ. ಫೋನಿನಿಂದ ಹತ್ತಿದರೆ ಫೋನಿನಿಂದಲೇ ಇಳಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಫೋನೊಂದನ್ನೇ ನಂಬಿ ಮನೆ ಬಿಡಬೇಡಿರಿ. ಬ್ಯಾಟರಿ ಬೇಡದ ಒಂದು ಕಾರ್ಡು ಜೇಬಿನಲ್ಲಿರಲಿ.

ಇದು ಲಂಡನ್ನಿಗೆ ಮಾತ್ರ ಸೇರಿದ ಮಾತಲ್ಲ. ಹಾಂಗ್‌ಕಾಂಗಿನಲ್ಲಿ ಇಂಥ ಕಾರ್ಡು 1997ರಲ್ಲೇ ಬಂತು. ಜಪಾನಿನಲ್ಲಿ 2006ರಿಂದ ಫೋನು ತಾಗಿಸಿ ರೈಲು ಹತ್ತುತ್ತಾರೆ. ನಮ್ಮಲ್ಲೂ 2019ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಒಂದೇ ಎಂಬ ಸಾರಿಗೆ ಕಾರ್ಡು ಬಂದಿದೆ, ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಅದು ನಡೆಯುತ್ತದೆ. 2022ರ ನವೆಂಬರಿನಿಂದ ಅಲ್ಲಿ ವಾಟ್ಸಾಪಿನಲ್ಲೇ ಟಿಕೆಟ್ ಪಡೆಯಬಹುದು. ಒಳ್ಳೆಯದೇ. ಟಿಕೆಟಿನ ಬೆನ್ನ ಮೇಲೆ ಚಿಲ್ಲರೆ ಬರೆಸಿಕೊಂಡು, ಇಳಿಯುವಾಗ ಮರೆತು, ಆಮೇಲೆ ಪೇಚಾಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಹೊಸ ಬಾಗಿಲು ತೆರೆದೆವೆಂದು ಹಳೆಯ ಬಾಗಿಲನ್ನು ಮುಚ್ಚಿದರೆ ಹೊರಗುಳಿಯುವವರು ಯಾರು ಎಂದು ಕೇಳಿಕೊಳ್ಳಬೇಕು.

ಶಾಲೆ ತೆರೆದ ಮೇಲೆ ತರಗತಿಯಲ್ಲಿ ತಂತಿ ಸುರುಳಿ, ಆಯಸ್ಕಾಂತ, ಗ್ಯಾಲ್ವನೋಮೀಟರ್ ಇಟ್ಟು ಈ ಕಥೆಯನ್ನೇ ಹೇಳಿದೆ. ಆಯಸ್ಕಾಂತ ಆಡಿಸಿದಾಗ ಮುಳ್ಳು ಅಲುಗಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಸರ, ಹಂಗಾದ್ರ ಫೋನು ಬರದ ನಮ್ಮ ತಾತಗ ಅಂಥ ಕಾರ್ಡು ಕೊಟ್ರ ಆತಲ್ರಿ? ಅದಕ್ಕ ಚಾರ್ಜೂ ಬ್ಯಾಡ, ಓದಾಕ ಬರೋದೂ ಬ್ಯಾಡ." ಇಡೀ ಪ್ರವಾಸದಲ್ಲಿ ನನಗೆ ಹೊಳೆಯದಿದ್ದ ಮಾತು ಅದು.

ಈಗ ಬಳ್ಳಾರಿಗೆ ಹೋಗುವಾಗ ಫೋನಿನ ಜೊತೆ ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳುತ್ತೇನೆ. ಪಕ್ಕದವರ ಕೈಯಲ್ಲಿ ಐನೂರರ ನೋಟು ಕಂಡರೆ ಉಪದೇಶ ಮಾಡುವುದಿಲ್ಲ, ಮುರಿದುಕೊಡುತ್ತೇನೆ.