ಮಡಿಕೆ ಒಡೆದ ಸದ್ದು

ಬನಾರಸಿನ ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ಕೂತು, ಅಂಗಿಯ ಜೇಬಿನಲ್ಲಿ ಮೈಕು ಬಚ್ಚಿಟ್ಟುಕೊಂಡು, ಒಂದು ಮುಂಜಾನೆಯೆಲ್ಲ ಕಳ್ಳತನ ಮಾಡಿದೆ. ಕದ್ದದ್ದು ಸದ್ದುಗಳನ್ನು.

ಈ ಕಳ್ಳತನದ ಬೇರು ಒಂದು ಮರಾಠಿ ಕಥೆಯಲ್ಲಿದೆ. ಬೆಳಗಾವಿಯವನಾದ್ದರಿಂದ ನನಗೆ ಮರಾಠಿ ಓದಲು ಬರುತ್ತದೆ. ಕಾಲೇಜಿನಲ್ಲಿದ್ದಾಗ ಖಗೋಳವಿಜ್ಞಾನಿ ಜಯಂತ ನಾರ್ಲೀಕರ್ ಅವರ ‘ಧೂಮಕೇತು’ ಕಥೆ ಕೈಗೆ ಸಿಕ್ಕಿತ್ತು. ಆಕಾಶ ನೋಡುವ ಹುಚ್ಚಿನ ದತ್ತದಾ ಒಂದು ಹೊಸ ಧೂಮಕೇತು ಕಂಡುಹಿಡಿಯುತ್ತಾರೆ. ಅದು ಭೂಮಿಗೇ ಬಡಿಯುವ ಹಾದಿಯಲ್ಲಿದೆ. ವಿಜ್ಞಾನಿಗಳು ಗುಟ್ಟಾಗಿ ಕೂಡಿ, ಅಣುಸ್ಫೋಟಕ ಹೊತ್ತ ನೌಕೆ ಕಳಿಸಿ ಅದರ ದಾರಿ ತಪ್ಪಿಸುತ್ತಾರೆ. ಇತ್ತ ದತ್ತದಾರ ಹೆಂಡತಿ ಇಂದ್ರಾಣೀದೇವಿ ಯಜ್ಞ ಮಾಡಿಸಿರುತ್ತಾರೆ. ಗಂಡಾಂತರ ತಪ್ಪಿದ್ದು ಅದರಿಂದಲೇ ಎಂಬುದು ಅವರ ನಂಬಿಕೆ. ಕಥೆಯ ಕೊಕ್ಕೆ ಇರುವುದು ಅಲ್ಲೇ.

ಅದನ್ನು ಕನ್ನಡಕ್ಕೆ ತಂದು ಕಾಲೇಜಿನ ರಂಗದ ಮೇಲೆ ಆಡಿದ್ದೆವು. ಕೊನೆಗೆ ಇಂದ್ರಾಣೀದೇವಿ ಪ್ರಸಾದ ಕೊಡುತ್ತಾಳೆ. ದತ್ತದಾ ಅಂಗೈ ಚಾಚಿ, ಬಾಯಿ ತೆರೆದು, ಏನೂ ಹೇಳಲಾಗದೆ ನಿಂತುಬಿಡುತ್ತಾನೆ. ನಮ್ಮ ನಟನ ಆ ಮುಖ ನೋಡಿ ಸಭೆ ಮೊದಲು ನಕ್ಕಿತು, ಆಮೇಲೆ ಸುಮ್ಮನಾಯಿತು. ಕೊಕ್ಕೆ ಎಲ್ಲಿದೆಯೆಂದು ಎಲ್ಲರಿಗೂ ತಿಳಿಯಿತು.

ಎಷ್ಟೋ ವರ್ಷದ ಮೇಲೆ ಇದನ್ನೇ ಶ್ರವ್ಯ ನಾಟಕ ಮಾಡುವ ಹುಕಿ ಹತ್ತಿತು. ಅದಕ್ಕೆ ಕಾರಣ ಆರ್ಸನ್ ವೆಲ್ಸ್. ಎಚ್. ಜಿ. ವೆಲ್ಸ್ ಅವರ 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1953ರಲ್ಲಿ ಸಿನಿಮಾ ಆಯಿತು, ಆಮೇಲೆ ಸಂಗೀತವಾಗಿ ವೇದಿಕೆಗೂ ಬಂತು. ಆದರೆ ಜನ ಇಂದಿಗೂ ಮಾತಾಡುವುದು 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಆಡಿಸಿದ ರೇಡಿಯೊ ನಾಟಕದ ಬಗ್ಗೆ. ಮಂಗಳಗ್ರಹದವರು ಇಂಗ್ಲೆಂಡಿನ ಮೇಲೆ ದಾಳಿಯಿಡುವ ಕಥೆಯನ್ನು ಅಮೆರಿಕದ ನ್ಯೂಜೆರ್ಸಿಗೆ ಎತ್ತಿ, ವಾರ್ತೆ ಓದುವ ಧಾಟಿಯಲ್ಲಿ ಆಡಿಬಿಟ್ಟರು. ದಾಳಿ ನಿಜವೆಂದು ನಂಬಿ ಊರಿಗೆ ಊರೇ ಬೀದಿಗೆ ಓಡಿತೆಂಬ ಸುದ್ದಿಯನ್ನು ಪತ್ರಿಕೆಗಳು ಉಬ್ಬಿಸಿ ಬರೆದಿದ್ದವು ಎಂಬುದು ನನಗೆ ತಡವಾಗಿ ತಿಳಿಯಿತು. ಆಗ ತಲೆಯಲ್ಲಿದ್ದದ್ದು ಒಂದೇ: ಸದ್ದು ಅಸಲಿಯಾಗಿದ್ದರೆ ಸಾಕು.

ಹಾಗಾಗಿ ನಾನೂ ಕಥೆಯನ್ನು ಎತ್ತಿ ಬನಾರಸಿನಲ್ಲಿ ಇಟ್ಟೆ. ನೆಪ ಸಿದ್ಧವಿತ್ತು. ನಾರ್ಲೀಕರ್ ಬೆಳೆದ ಊರು ಅದು. ತಂದೆ ವಿಷ್ಣು ವಾಸುದೇವ ನಾರ್ಲೀಕರ್ ಅಲ್ಲಿನ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಮಗನೂ 1957ರಲ್ಲಿ ಅಲ್ಲೇ ಪದವಿ ಪಡೆದು ಕೇಂಬ್ರಿಜ್‌ಗೆ ಹೋದದ್ದು. ಲೇಖಕರ ಅನುಮತಿ ಕೇಳಿದೆನೇ? ಇಲ್ಲ. ಶಾಲೆಯ ಮಕ್ಕಳಿಗಾಗಿ ತಾನೇ, ದುಡ್ಡಿಗಲ್ಲವಲ್ಲ ಎಂದು ನನಗೆ ನಾನೇ ಪರವಾನಗಿ ಕೊಟ್ಟುಕೊಂಡೆ.

ಹರಿಶ್ಚಂದ್ರ ಘಾಟಿಗೆ ಒತ್ತಿಕೊಂಡೇ ನಮ್ಮ ಕರ್ನಾಟಕ ಘಾಟ್ ಇದೆ, ಮೈಸೂರು ಸಂಸ್ಥಾನದ ಕಾಲದ್ದು. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ಚಿತೆಯ ಕಾವು ಮುಖಕ್ಕೆ ತಾಗುತ್ತದೆ. ರಾಜ್‌ಕುಮಾರ್ ಅವರ ‘ಸತ್ಯ ಹರಿಶ್ಚಂದ್ರ’ ನೋಡಿ ಬೆಳೆದ ನನಗೆ ಸ್ಮಶಾನ ಗಂಭೀರವಾಗಿರುತ್ತದೆಂಬ ಕಲ್ಪನೆ. ಅಲ್ಲಿ ನೋಡಿದರೆ ಆಡುಗಳು ಹೆಣದ ಮೇಲಿನಿಂದ ತೆಗೆದೆಸೆದ ಚೆಂಡುಹೂವಿನ ಹಾರ ಮೇಯುತ್ತಿವೆ, ಚಹದವನು ಕೂಗುತ್ತಿದ್ದಾನೆ, ದೋಣಿಯ ಡೀಸೆಲ್ ಎಂಜಿನ್ನು ಡಗಡಗ ಅನ್ನುತ್ತಿದೆ. ನನಗೆ ಬೇಕಿದ್ದದ್ದು ಬೆಂಕಿಯ ಸದ್ದು. ಹೋಮದ ದೃಶ್ಯಕ್ಕೆ ಚಿತೆಯ ಚಟಪಟ ಹಾಕುವ ಯೋಚನೆ ನನ್ನದು. ಅಜ್ಜಿಗೆ ಗೊತ್ತಾಗಿದ್ದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಚಿತೆಯ ಕಟ್ಟಿಗೆ ಸರಿಪಡಿಸುತ್ತಿದ್ದ, ಹೆಣ ಸುಡುವ ಕಾಯಕದ ಡೋಮನೊಬ್ಬ ನನ್ನ ಕಡೆ ತಿರುಗಿ, ಫೋಟೊ ತೆಗೆಯಬೇಡಿ ಅಂದ. ‘ತೆಗೀತಾ ಇಲ್ಲ’ ಎಂದು ಎರಡೂ ಕೈ ಎತ್ತಿ ತೋರಿಸಿದೆ. ಹೇಳಿದ್ದು ಸತ್ಯವೇ. ಹರಿಶ್ಚಂದ್ರನ ಘಾಟಿನಲ್ಲಿ ನಿಂತು ಅಂಥ ಸತ್ಯ ಹೇಳಿದೆ.

ಅಷ್ಟರಲ್ಲಿ ಒಬ್ಬ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ತಲೆ ಬೋಳಿಸಿ ಬಿಳಿ ಪಂಚೆ ಉಟ್ಟವನು, ಗಂಗೆಯ ನೀರು ತುಂಬಿದ ಮಡಿಕೆಯನ್ನು ಚಿತೆಗೆ ಬೆನ್ನು ಮಾಡಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಅದು ಒಡೆಯಿತು. ತಿರುಗಿ ನೋಡದೆ ಮೆಟ್ಟಿಲು ಹತ್ತಿದ. ಹಾಗೆ ತಿರುಗಿ ನೋಡಬಾರದು. ನನ್ನ ಮಗ್ಗುಲಲ್ಲೇ ಹಾದುಹೋದ. ಅವನ ಉಸಿರೂ ಮೈಕಿನಲ್ಲಿ ಬಂದಿದೆ. ಆ ಕ್ಷಣ ನನಗೆ ಹೊಳೆದದ್ದು ಏನು ಗೊತ್ತೇ? ಧೂಮಕೇತುವಿನ ಮೇಲೆ ಸ್ಫೋಟವಾಗುವ ಜಾಗಕ್ಕೆ ಇದೇ ಸದ್ದು ಸರಿ ಎಂದು.

ಊರಿಗೆ ಬಂದು ಗೆಳೆಯನ ಕೋಣೆಯಲ್ಲಿ ಜೋಡಿಸಿದೆವು. ಒಂದು ಫೆಬ್ರವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನಕ್ಕೆ, ಶಾಲೆಯೊಂದರಲ್ಲಿ ಕೇಳಿಸಿದೆವು. ಮುಗಿದ ಮೇಲೆ ಎಂಟನೆತ್ತೆಯ ಹುಡುಗನೊಬ್ಬ ಎದ್ದು ನಿಂತ:

‘ಸರ, ಯಜ್ಞಾ ಮಾಡಿದ್ದಕ್ಕ ಧೂಮಕೇತು ಹೊಳ್ಳಿ ಹೋತು, ಹೌದಿಲ್ಲರಿ?’

ಅರ್ಧ ಸಭೆ ತಲೆ ಆಡಿಸಿತು.

ರಾತ್ರಿ ಕೂತು ಮತ್ತೆ ಕೇಳಿದೆ. ನೌಕೆಗೆ ನಾವು ಕೊಟ್ಟದ್ದು ಹನ್ನೆರಡು ಸೆಕೆಂಡಿನ ಗುಂಯ್‌ಗುಟ್ಟುವಿಕೆ, ಅದೂ ಮಿಕ್ಸಿಯದ್ದು. ಬೆಂಕಿಗೆ, ಮಂತ್ರಕ್ಕೆ ನಾಲ್ಕು ನಿಮಿಷ. ಬೆಂಕಿ ಅಷ್ಟು ಚೆನ್ನಾಗಿ ಬಂದಿತ್ತು, ಕತ್ತರಿಸಲು ಮನಸ್ಸಾಗಿರಲಿಲ್ಲ. ಮಂತ್ರ ಮುಗಿಯುತ್ತಲೇ ಮಡಿಕೆ ಒಡೆಯುತ್ತದೆ, ಧೂಮಕೇತು ಹೋಗುತ್ತದೆ. ಕಿವಿಯಿಂದ ಕೇಳುವವನು ಇನ್ನೇನು ತಿಳಿದಾನು? ಇನ್ನು ದತ್ತದಾನ ಮೌನ. ರಂಗದ ಮೇಲೆ ಅದಕ್ಕೆ ಮುಖವಿತ್ತು. ಇಲ್ಲಿ ಏನೂ ಕೇಳಿಸಲಿಲ್ಲ. ನಾಟಕ ಮುಗಿಯಿತೆಂದು ಮಕ್ಕಳು ಚಪ್ಪಾಳೆ ತಟ್ಟಿದ್ದರು. ಓದುವಾಗ ಚುಚ್ಚುವ ವ್ಯಂಗ್ಯ, ನೋಡುವಾಗ ನಗಿಸಿದ ವ್ಯಂಗ್ಯ, ಕೇಳುವಾಗ ತಲೆಕೆಳಗಾಗಿ ನಿಂತಿತ್ತು. ಮೂಢನಂಬಿಕೆಯ ವಿರುದ್ಧ ಬದುಕಿಡೀ ಬರೆದವರ ಕಥೆಯನ್ನು ಹಿಡಿದು ಯಜ್ಞದ ಜಾಹೀರಾತು ಮಾಡಿದ್ದೆ.

ಕ್ಷಮೆ ಕೇಳಿ ಪತ್ರ ಬರೆಯಬೇಕೆಂದುಕೊಂಡೆ, ಬರೆಯಲಿಲ್ಲ. 2025ರ ಮೇ 20ರಂದು ನಾರ್ಲೀಕರ್ ಪುಣೆಯಲ್ಲಿ ತೀರಿಕೊಂಡರು. ಆ ಹುಡುಗನನ್ನಂತೂ ಹುಡುಕುವಂತೆಯೇ ಇಲ್ಲ.

ನನ್ನ ಪ್ರತಿ ಅಳಿಸಿದ್ದೇನೆ. ಆದರೆ ಆ ದಿನ ಹೆಮ್ಮೆಯಿಂದ ಅದನ್ನು ವಾಟ್ಸಾಪಿನಲ್ಲಿ ಕಂಡಕಂಡವರಿಗೆ ಕಳಿಸಿದ್ದೆ. ನಿಮ್ಮ ಫೋನಿನಲ್ಲಿ ಉಳಿದಿದ್ದರೆ ದಯವಿಟ್ಟು ತೆಗೆದುಹಾಕಿ. ಅದರಲ್ಲಿ ಮಡಿಕೆ ಒಡೆಯುವ ಸದ್ದು ಒಂದು ಮನೆಯವರದ್ದು.