ಸಿಗ್ನಲ್ ಇಲ್ಲದ ಐಹೊಳೆ ದಾರಿಯಲ್ಲಿ

ಅಮ್ಮಿಯ ಕಣ್ಣು ತೋರಿಸಲೆಂದು ಇಳಕಲ್‌ನಿಂದ ಬಾಗಲಕೋಟೆಗೆ ಹೊರಟಿದ್ದೆವು. ಕಾರು ತಮ್ಮನದು, ಹೊಸದು. ಮುಂದುಗಡೆ ಪುಟ್ಟ ಟಿ.ವಿ.ಯಂಥ ಪರದೆ. ತಮ್ಮ ತನ್ನ ಮೊಬೈಲಿಗೆ ಕೇಬಲ್ ಚುಚ್ಚಿದ್ದೇ ತಡ, ಅದರಲ್ಲಿ ನಕ್ಷೆ ಮೂಡಿತು. ಹೆಣ್ಣುದನಿಯೊಂದು ದಾರಿ ಹೇಳತೊಡಗಿತು. "ಯಾರಿವಳು, ಎಲ್ಲಿ ಕೂತಿದ್ದಾಳೆ?" ಎಂದು ಅಮ್ಮಿ ಹಿಂದೆ ತಿರುಗಿ ನೋಡಿದರು.

ಹುನಗುಂದ ದಾಟಿ ಅಮೀನಗಡದಲ್ಲಿ ಕರದಂಟು ಕೊಂಡೆವು. ಅಲ್ಲಿಗೆ ಹೋಗಿ ಕರದಂಟು ತಾರದೆ ಬರುವವರುಂಟೇ? ಬಾಗಲಕೋಟೆಯಲ್ಲಿ ಆ ಹೆಣ್ಣುದನಿ ನಿಜಕ್ಕೂ ಉಪಕಾರಕ್ಕೆ ಬಂತು. ಅಮ್ಮಿ ಬಲ್ಲ ಹಳೆಯ ಓಣಿಗಳೆಷ್ಟೋ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿವೆ. ನವನಗರದ ನಂಬರಿನ ಸೆಕ್ಟರುಗಳು ಅವರಿಗೆ ತಿಳಿಯವು.

ಕಣ್ಣಿನ ಕೆಲಸ ಮುಗಿದ ಮೇಲೆ ಬಾದಾಮಿಯ ಖಾಲಾ ಮನೆಗೆ ಹೋದೆವು. ಕೆಂಪು ಬಂಡೆ, ಅಗಸ್ತ್ಯ ತೀರ್ಥದ ಹಸಿರು ನೀರು, 578ರ ಶಾಸನವಿರುವ ಮೂರನೆಯ ಗುಹೆ. ಮಕ್ಕಳು ನೋಡಿ ಬಂದರು. ಅಕ್ಕ-ತಂಗಿಯರ ಮಾತು ಮುಗಿಯಲಿಲ್ಲ. ಅಸರ್ ನಮಾಝ್ ಮುಗಿಸಿ ಪಟ್ಟದಕಲ್ಲು, ಐಹೊಳೆಯ ದಾರಿಯಾಗಿ ಹೊರಟೆವು.

ಪಟ್ಟದಕಲ್ಲು ಬಿಟ್ಟ ಮೇಲೆ ಒಂದೆಡೆ ಸಿಗ್ನಲ್ ಹೋಯಿತು. ತಮ್ಮ ತಿರುವೊಂದನ್ನು ತಪ್ಪಿಸಿದ. ಹೆಣ್ಣುದನಿ ನಿಂತಿತು. ಪರದೆಯ ತುಂಬ ಬೂದುಬಣ್ಣ, ಅದರ ಮೇಲೆ ನಮ್ಮ ನೀಲಿ ಗುರುತೊಂದೇ ತೆವಳುತ್ತಿತ್ತು. ಅಷ್ಟರಲ್ಲಿ ಅಮ್ಮಿಯ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರು. ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ತೆಗೆದುಕೊಂಡು ಮಾತಿನ ಭರದಲ್ಲಿ ಸರಿಯಾಗಿ ಉಂಡಿರಲಿಲ್ಲ. ಕರದಂಟಿನ ಪೊಟ್ಟಣ ಹರಿದು ಬಾಯಿಗಿಟ್ಟೆ. ಫೋನ್ ಮಾಡೋಣವೆಂದರೆ ಗೆರೆಯೇ ಇಲ್ಲ.

ಕುರಿ ಹೊಡೆದುಕೊಂಡು ಬಂದ ಅಜ್ಜನೊಬ್ಬ, "ಐಹೊಳಿ ಹಾದಿ ಹಿಂದ ಉಳೀತವ್ವ. ಹೊಳ್ಳಿ ಹೋಗ್ರಿ, ಬೇವಿನಗಿಡದ ಹಂತೇಕ ಬಲಕ್ಕ ತಿರುಗ್ರಿ" ಎಂದ. ಐಹೊಳೆ ತಲುಪುವಷ್ಟರಲ್ಲಿ ಅಮ್ಮಿ ಚೇತರಿಸಿಕೊಂಡಿದ್ದರು, ಅಲ್‌ಹಮ್ದುಲಿಲ್ಲಾಹ್.

ಗುರುತು ಚಲಿಸುತ್ತಿತ್ತು, ದಾರಿ ಮಾತ್ರ ಇರಲಿಲ್ಲ. ಇದೆಂಥದು? ಪಾಠ ಹೇಳುವವಳಾದ ನನಗೆ ಸುಮ್ಮನಿರಲಾಗಲಿಲ್ಲ, ಬಲ್ಲವರನ್ನು ಕೇಳಿದೆ. ಸಹೋದರಿಯರೇ, ಆ ಪರದೆ ನಮ್ಮ ಮೊಬೈಲಿನ ಕನ್ನಡಿಯಷ್ಟೇ. ಎರಡನ್ನೂ ಜೋಡಿಸುವುದು ಕೇಬಲ್, ಕೆಲವು ಕಾರುಗಳಲ್ಲಿ ಬ್ಲೂಟೂತ್ ಮತ್ತು ವೈಫೈ. ಅದಕ್ಕೆ ಟವರ್ ಬೇಡ. ನಾವೆಲ್ಲಿದ್ದೇವೆಂದು ತಿಳಿಯಲೂ ಬೇಡ. ಸುಮಾರು 20,000 ಕಿ.ಮೀ. ಮೇಲಿರುವ ಜಿಪಿಎಸ್ ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ಸಿಕ್ಕರೆ ಸಾಕು. ನಕ್ಷೆ ಮಾತ್ರ ಇಂಟರ್ನೆಟ್ಟಿನಿಂದ ತುಂಡು ತುಂಡಾಗಿ ಬರುವುದು. ಅದನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಬಹುದಿತ್ತು! ಗೂಗಲ್ ಮ್ಯಾಪ್ಸ್‌ನಲ್ಲಿ ನಮ್ಮ ಚಿತ್ರದ ಮೇಲೆ ಒತ್ತಿದರೆ 'ಆಫ್‌ಲೈನ್' ನಕ್ಷೆಯ ಸಾಲು ಸಿಗುತ್ತದೆ; ಬೇಕಾದ ಪ್ರದೇಶವನ್ನು ಚೌಕಟ್ಟಿನೊಳಗೆ ತಂದು ಇಳಿಸಿಕೊಂಡರಾಯಿತು. ಆಗಾಗ ನವೀಕರಿಸಬೇಕು. ವಾಹನ ದಟ್ಟಣೆಯ ಸುದ್ದಿ ಬಾರದು. ಮೊಬೈಲಿನಲ್ಲಿ ಉಳಿಸಿಟ್ಟ ಕುರ್‌ಆನ್ ಪಾರಾಯಣ ಟವರ್ ಇಲ್ಲದೆಯೂ ಕೇಳಿಸುತ್ತದೆ. ನಮ್ಮ ಕಂಪೆನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪೆನಿಯದು ಇದ್ದಲ್ಲಿ 112ಕ್ಕೆ ಕರೆ ಹೋಗಬಹುದು. ಯಾವುದೂ ಇಲ್ಲದಲ್ಲಿ ಅದೂ ಇಲ್ಲ.

ಮುಂದಿನ ವಾರ ತಮ್ಮ ಇಡೀ ಜಿಲ್ಲೆಯ ನಕ್ಷೆ ಇಳಿಸಿಕೊಂಡು, ಮೊಬೈಲ್ ಡೇಟಾ ಬಂದ್ ಮಾಡಿ ಹುನಗುಂದದವರೆಗೆ ಓಡಿಸಿ ನೋಡಿದ. ಹೆಣ್ಣುದನಿ ಒಮ್ಮೆಯೂ ನಿಲ್ಲಲಿಲ್ಲವಂತೆ. ಅಮ್ಮಿಗೆ ಅದರ ಮೇಲೆ ಇನ್ನೂ ಭರವಸೆಯಿಲ್ಲ. ಕಾರಿನ ಗೂಡಿನಲ್ಲಿ ಕೇಬಲ್‌ನ ಪಕ್ಕ ಒಂದು ಡಬ್ಬಿ ಬೆಲ್ಲ ಇಟ್ಟಿದ್ದಾರೆ.